ಥರ್ಮಲ್ ಸ್ಕ್ಯಾನ್ ಶಿಬಿರ: ಚಿತ್ರ ತೆಗೆದ ಮೇಲೆ ಮುಂದೇನು? ಒಡ್ಡನ್‌ಛತ್ರಂ ಬಳಿಯ ಹಳ್ಳಿಗಳು ಕೊಟ್ಟ ಲೆಕ್ಕ

ಮುಟ್ಟುವುದಿಲ್ಲ, ಒತ್ತುವುದಿಲ್ಲ, ಎಕ್ಸ್‌ರೇ ಕಿರಣ ಇಲ್ಲ. ಪರದೆಯ ಹಿಂದೆ ಹತ್ತು ನಿಮಿಷ ಕುಳಿತರೆ ಸಾಕು, ಕ್ಯಾಮರಾ ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ವರದಿ ಕೊಡುತ್ತದೆ. ಸ್ತನ ಕ್ಯಾನ್ಸರ್ ಪತ್ತೆಗೆ ಬಂದಿರುವ ಥರ್ಮಲ್ ಸ್ಕ್ಯಾನಿಂಗ್ ಬಗ್ಗೆ ಕೇಳಿಬರುವ ಮಾತುಗಳು ಇವು. ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು. ಉಚಿತ ಶಿಬಿರದ ಪೋಸ್ಟರ್‌ಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡತೊಡಗುತ್ತವೆ. ಪರ್ದಾ, ಸಂಕೋಚ ಅಂತ ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುವ ನಮ್ಮ ಮನೆಗಳಿಗೆ ಇದು ಹೇಳಿ ಮಾಡಿಸಿದ ಪರೀಕ್ಷೆ ಅಂತ ಯಾರಿಗಾದರೂ ಅನ್ನಿಸುವುದು ಸಹಜ.

ಅನ್ನಿಸಿಕೆ ತಪ್ಪೇನಲ್ಲ. ಆದರೆ ಶಿಬಿರ ನಡೆಸುವ ಜಮಾಅತ್‌ಗಳು, ಯುವ ಸಂಘಟನೆಗಳು ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಯಂತ್ರ 'ಸಂಶಯ ಇದೆ' ಎಂದು ಹೇಳಿದ ಹೆಣ್ಣುಮಗಳು ಮರುದಿನ ಎಲ್ಲಿಗೆ ಹೋಗುತ್ತಾಳೆ? ಅವಳ ಜೊತೆ ಯಾರು ಹೋಗುತ್ತಾರೆ? ಹಣ ಯಾರು ಕಟ್ಟುತ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕಿದರೆ ತಮಿಳುನಾಡಿನ ಒಂದು ಊರು ಎದುರಾಗುತ್ತದೆ. ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ. ಕೇರಳದ ಕಡೆಗೆ ತರಕಾರಿ ಲೋಡ್ ಮಾಡುವ ದೊಡ್ಡ ಮಾರುಕಟ್ಟೆ ಇರುವ ಊರು ಅಂತ ವ್ಯಾಪಾರಿಗಳಿಗೆ ಅದು ಗೊತ್ತು. ಅದರ ಹತ್ತಿರದ ಅಂಬಿಲಿಕ್ಕೈ ಎಂಬ ಹಳ್ಳಿಯ ಆರೋಗ್ಯ ಕೇಂದ್ರದಿಂದ 2000ದಲ್ಲಿ ಶುರುವಾದ ಒಂದು ತಪಾಸಣೆಯ ಕೆಲಸ ಜಗತ್ತಿನ ಕ್ಯಾನ್ಸರ್ ತಜ್ಞರ ಗಮನ ಸೆಳೆಯಿತು. ಅಲ್ಲಿ ಪರೀಕ್ಷಿಸಿದ್ದು ಸ್ತನ ಕ್ಯಾನ್ಸರ್ ಅಲ್ಲ, ಗರ್ಭಕೊರಳಿನ ಕ್ಯಾನ್ಸರ್. ಬಳಸಿದ್ದು ಥರ್ಮಲ್ ಕ್ಯಾಮರಾ ಅಲ್ಲ, ವಿನೆಗರ್‌ನಂಥ ತೆಳು ದ್ರಾವಣ. ಆದರೂ ಇಂದು ಥರ್ಮಲ್ ಶಿಬಿರ ಮಾಡುವವರು ಮೊದಲು ನೋಡಬೇಕಾದ ಲೆಕ್ಕ ಅಲ್ಲೇ ಇದೆ. ಅದಕ್ಕೆ ಮುಂಚೆ, ಈ ಕ್ಯಾಮರಾ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳೋಣ.

ಬಿಸಿಯ ಚಿತ್ರ

ಕ್ಯಾನ್ಸರ್ ಗಡ್ಡೆ ಬೆಳೆಯಲು ರಕ್ತ ಬೇಕು. ಅದಕ್ಕಾಗಿ ಸುತ್ತಲೂ ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಜೀವಕೋಶಗಳೂ ಮಾಮೂಲಿಗಿಂತ ಜೋರಾಗಿ ಕೆಲಸ ಮಾಡುತ್ತವೆ. ಹಾಗಾಗಿ ಆ ಭಾಗದ ಚರ್ಮ ಸುತ್ತಲಿನದಕ್ಕಿಂತ ಸ್ವಲ್ಪ ಬಿಸಿಯಾಗಿರಬಹುದು. ದೇಹದಿಂದ ಹೊರಬರುವ ಈ ಶಾಖವನ್ನು ಇನ್‌ಫ್ರಾರೆಡ್ ಕ್ಯಾಮರಾ ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಕೊರೋನಾ ಕಾಲದಲ್ಲಿ ವಿಮಾನ ನಿಲ್ದಾಣದಲ್ಲಿ ಜ್ವರ ನೋಡುತ್ತಿದ್ದ ಕ್ಯಾಮರಾಗಳ ತತ್ವವೂ ಇದೇ.

ಇದು ಹೊಸ ವಿಚಾರವೂ ಅಲ್ಲ. ಕೆನಡಾದ ಮಾಂಟ್ರಿಯಲ್‌ನ ವೈದ್ಯ ರೇ ಲಾಸನ್ 1956ರಲ್ಲೇ ಸ್ತನ ಕ್ಯಾನ್ಸರ್ ಇರುವ ಕಡೆ ಚರ್ಮ ಬಿಸಿಯಾಗಿರುವುದನ್ನು ವರದಿ ಮಾಡಿದ್ದರು. 1973ರಲ್ಲಿ ಅಮೆರಿಕದಲ್ಲಿ 2.8 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ದೊಡ್ಡ ತಪಾಸಣಾ ಯೋಜನೆ ಶುರುವಾದಾಗ ಮ್ಯಾಮೊಗ್ರಾಂ ಜೊತೆ ಥರ್ಮೋಗ್ರಫಿಯೂ ಇತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಕ್ಯಾನ್ಸರ್‌ಗಳು ಅದರ ಕಣ್ಣಿಗೆ ಬೀಳದೆ ಹೋದದ್ದರಿಂದ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು.

ಕಾರಣ ಸರಳ. ಎಲ್ಲ ಗಡ್ಡೆಯೂ ಬಿಸಿ ತೋರಿಸುವುದಿಲ್ಲ. ಆಳದಲ್ಲಿರುವ, ನಿಧಾನವಾಗಿ ಬೆಳೆಯುವ ಗಡ್ಡೆಯ ಶಾಖ ಚರ್ಮದವರೆಗೆ ಬರದೇ ಇರಬಹುದು. ಮತ್ತೊಂದು ಕಡೆ, ಬಿಸಿ ಇರುವುದೆಲ್ಲ ಕ್ಯಾನ್ಸರ್ ಅಲ್ಲ. ಹಾಲೂಡಿಸುವ ತಾಯಿಗೆ, ಸೋಂಕು ಇರುವವರಿಗೆ, ಈಗಷ್ಟೇ ಬಿಸಿಲಿನಲ್ಲಿ ನಡೆದು ಬಂದವರಿಗೆ ಕೂಡ ಶಾಖ ಹೆಚ್ಚಿರುತ್ತದೆ. ಅದಕ್ಕೇ ಸರಿಯಾಗಿ ಮಾಡುವವರು ಮೊದಲು ತಣ್ಣಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ಚಿತ್ರ ತೆಗೆಯುತ್ತಾರೆ. ಶಾಮಿಯಾನದ ಕೆಳಗೆ, ಫ್ಯಾನ್ ಹಾಕಿ, ಸಾಲು ನಿಲ್ಲಿಸಿ ಮಾಡುವ ಕೆಲಸ ಇದಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಫೆಬ್ರವರಿಯಲ್ಲಿ ಸ್ಪಷ್ಟ ಎಚ್ಚರಿಕೆ ಕೊಟ್ಟಿತು: ಥರ್ಮೋಗ್ರಫಿ ಮ್ಯಾಮೊಗ್ರಾಂಗೆ ಬದಲಿಯಲ್ಲ. ಈ ಸಾಧನಗಳಿಗೆ ಅದು ಅನುಮತಿ ಕೊಡುವುದು ಇನ್ನೊಂದು ಪರೀಕ್ಷೆಯ ಜೊತೆಗೆ ಬಳಸಲು ಮಾತ್ರ. 'ವರ್ಷಕ್ಕೊಮ್ಮೆ ಥರ್ಮಲ್ ಚಿತ್ರ ತೆಗೆಸಿ ಹೋಲಿಸಿ ನೋಡುತ್ತಿದ್ದರೆ ಸಾಕು' ಅಂತ ಹೇಳುವ ಕ್ಲಿನಿಕ್‌ಗಳ ಮಾತಿಗೂ ಇದೇ ಉತ್ತರ. ಕೀಮೋಥೆರಪಿ ಕೊಡುವಾಗ ಗಡ್ಡೆ ಕುಗ್ಗುತ್ತಿದೆಯೇ ಎಂದು ಶಾಖದಿಂದ ಅಳೆಯುವ ಸಂಶೋಧನೆಗಳೂ ನಡೆದಿವೆ. ಆದರೆ ಇಂದಿಗೂ ಡಾಕ್ಟರು ನಂಬುವುದು ಕೈಪರೀಕ್ಷೆ, ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಎಂಆರ್‌ಐ ಮತ್ತು ಕೊನೆಗೆ ಬಯಾಪ್ಸಿಯನ್ನೇ.

ಬೆಂಗಳೂರು, ತ್ರಿಶೂರ್‌ನ ಹೊಸ ಪ್ರಯತ್ನ

ಹಾಗಾದರೆ ಇದು ಮತ್ತೆ ಯಾಕೆ ಸುದ್ದಿಯಲ್ಲಿದೆ? ಕ್ಯಾಮರಾಗಳು ಸೂಕ್ಷ್ಮವಾಗಿವೆ. ಚಿತ್ರವನ್ನು ಕಣ್ಣಿನಿಂದ ನೋಡುವ ಬದಲು ಕಂಪ್ಯೂಟರ್ ಲಕ್ಷಾಂತರ ಬಿಂದುಗಳ ಶಾಖವನ್ನು ಲೆಕ್ಕ ಹಾಕುತ್ತದೆ. ಗೀತಾ ಮಂಜುನಾಥ್ ಮತ್ತು ನಿಧಿ ಮಾಥುರ್ 2016ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ನಿರಾಮಯಿ ಕಂಪನಿ ಈ ದಾರಿ ಹಿಡಿಯಿತು. ಕೇರಳದಲ್ಲಿ ತ್ರಿಶೂರ್‌ನ ಸಿ-ಮೆಟ್ ಸಂಸ್ಥೆಯ ವಿಜ್ಞಾನಿ ಡಾ. ಎ. ಸೀಮಾ ಅವರ ತಂಡ ತೊಡುವ ಒಳ ಉಡುಪಿನಲ್ಲೇ ಶಾಖದ ಸೆನ್ಸರ್‌ಗಳನ್ನು ಅಳವಡಿಸಿತು. ಕಾಸರಗೋಡಿನವರಿಗೆ ಪರಿಚಿತವಾದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಆ ಕೆಲಸದಲ್ಲಿ ಕೈಜೋಡಿಸಿತ್ತು. ಸೀಮಾ ಅವರಿಗೆ ನಾರಿ ಶಕ್ತಿ ಪುರಸ್ಕಾರವೂ ಬಂತು.

ನಿರಾಮಯಿಯ ವಿಧಾನದ ಬಗ್ಗೆ 470 ಮಹಿಳೆಯರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಇದ್ದ 100 ಮಂದಿಯಲ್ಲಿ ಸುಮಾರು 91 ಮಂದಿಯನ್ನು ಅದು ಸರಿಯಾಗಿ ಗುರುತಿಸಿತು. ಕ್ಯಾನ್ಸರ್ ಇಲ್ಲದ 100 ಮಂದಿಯಲ್ಲಿ ಸುಮಾರು 82 ಮಂದಿಗೆ 'ಇಲ್ಲ' ಎಂದು ಸರಿಯಾಗಿ ಹೇಳಿತು. ಒಳ್ಳೆಯ ಅಂಕಿಗಳೇ. ಆದರೆ ಅಂಕಿಯನ್ನು ಬಿಡಿಸಿ ನೋಡಬೇಕು. ಆ 470 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಗಲೇ ಏನೋ ಲಕ್ಷಣ ಇತ್ತು. ಊರಿನ ಶಿಬಿರಕ್ಕೆ ಬರುವವರು ಹಾಗಲ್ಲ, ಹೆಚ್ಚಿನವರು ಆರೋಗ್ಯವಂತರು.

ಒಂದು ಕಾಗದದ ಲೆಕ್ಕ ಮಾಡೋಣ. ಶಿಬಿರಕ್ಕೆ 1,000 ಮಹಿಳೆಯರು ಬಂದರು, ಅವರಲ್ಲಿ 5 ಮಂದಿಗೆ ಕ್ಯಾನ್ಸರ್ ಇದೆ ಅಂದುಕೊಳ್ಳಿ. ಮೇಲಿನ ಅಂಕಿಯ ಪ್ರಕಾರ ಯಂತ್ರ ಆ ಐವರಲ್ಲಿ ನಾಲ್ಕೈದು ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಕ್ಯಾನ್ಸರ್ ಇಲ್ಲದ ಸುಮಾರು 175 ಮಂದಿಗೂ 'ಸಂಶಯ' ಎಂಬ ಚೀಟಿ ಕೊಡುತ್ತದೆ. ಅಂದರೆ ಶಿಬಿರ ಮುಗಿದ ದಿನ ಸಂಘಟಕರ ಕೈಯಲ್ಲಿ ಗಾಬರಿಯಾದ 180 ಮಹಿಳೆಯರ ಪಟ್ಟಿ ಇರುತ್ತದೆ. ಅಷ್ಟೂ ಮಂದಿಗೆ ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್ ಆಗಬೇಕು. ಕೆಲವರಿಗೆ ಬಯಾಪ್ಸಿಯೂ ಬೇಕಾಗುತ್ತದೆ. ಇದನ್ನು ಶಿಬಿರದ ಬಜೆಟ್‌ನಲ್ಲಿ ಯಾರಾದರೂ ಬರೆದಿರುತ್ತಾರಾ? ಶಾಮಿಯಾನ, ಬ್ಯಾನರ್, ಊಟದ ಖರ್ಚು ಬರೆದಿರುತ್ತಾರೆ.

ಪಂಜಾಬ್‌ನಲ್ಲಿ ಸರಕಾರವೇ ಮುಂದೆ ನಿಂತು ಇದೇ ತಂತ್ರಜ್ಞಾನದಿಂದ 15 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿತು. ಅಲ್ಲಿ ಸಂಶಯ ಎಂದು ಬಂದವರು ಶೇ. 3ರಷ್ಟು ಮಾತ್ರ. ಕ್ಯಾನ್ಸರ್ ಖಚಿತವಾದದ್ದು 27 ಮಂದಿಗೆ. ಇದು ಸಣ್ಣ ಸಂಗತಿಯಲ್ಲ, 27 ಮನೆಗಳ ವಿಷಯ. ಆದರೆ ಇಂಥ ಶಿಬಿರಗಳಿಂದ ಸ್ತನ ಕ್ಯಾನ್ಸರ್ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಲು ವರ್ಷಗಟ್ಟಲೆ ಎರಡು ಗುಂಪುಗಳನ್ನು ಹೋಲಿಸಿ ನೋಡಬೇಕು. ಆ ಪರೀಕ್ಷೆಯನ್ನು ಥರ್ಮಲ್ ಕ್ಯಾಮರಾ ಇನ್ನೂ ಬರೆದಿಲ್ಲ. ಅಂಬಿಲಿಕ್ಕೈಯ ದಾದಿಯರು ಬರೆದು ಪಾಸಾಗಿದ್ದಾರೆ.

ದಿಂಡಿಗಲ್‌ನ ಹಳ್ಳಿಗಳಲ್ಲಿ ನಡೆದದ್ದು

ಒಡ್ಡನ್‌ಛತ್ರಂಗೆ ಆಸ್ಪತ್ರೆ ಬಂದದ್ದು 1955ರಲ್ಲಿ. ಡಾ. ಎ.ಕೆ. ತರ್ಯನ್ ಮತ್ತು ಗೆಳೆಯರು ಹಳ್ಳಿಯ ಬಡವರಿಗಾಗಿ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆ ಶುರು ಮಾಡಿದರು. ಅಂಬಿಲಿಕ್ಕೈಯ ಸಮುದಾಯ ಆರೋಗ್ಯ ಕೇಂದ್ರವೂ ಅದೇ ಪರಂಪರೆಯದು. ಗರ್ಭಕೊರಳಿನ ಕ್ಯಾನ್ಸರ್ ಈ ಸೀಮೆಯ ಹಳ್ಳಿ ಹೆಂಗಸರ ದೊಡ್ಡ ಶತ್ರುವಾಗಿತ್ತು. ಫ್ರಾನ್ಸ್‌ನ ಲಿಯೋನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಡಾ. ಆರ್. ಶಂಕರನಾರಾಯಣನ್ ಮತ್ತು ಅಂಬಿಲಿಕ್ಕೈಯ ವೈದ್ಯರು ಸೇರಿ ಒಂದು ಪ್ರಶ್ನೆ ಹಾಕಿಕೊಂಡರು: ದುಬಾರಿ ಲ್ಯಾಬ್ ಇಲ್ಲದೆ, ತರಬೇತಿ ಪಡೆದ ದಾದಿಯರಿಂದಲೇ ಈ ಸಾವುಗಳನ್ನು ಕಡಿಮೆ ಮಾಡಬಹುದಾ?

ಪರೀಕ್ಷೆ ತುಂಬ ಸರಳ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ನೋಡುವುದು. ಕೆಟ್ಟ ಭಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಜಿಲ್ಲೆಯ 114 ಗುಂಪುಗಳನ್ನು ಎರಡಾಗಿ ಮಾಡಿದರು. 57 ಗುಂಪುಗಳಲ್ಲಿ 30ರಿಂದ 59 ವರ್ಷದ ಮಹಿಳೆಯರಿಗೆ ತಪಾಸಣೆ. ಉಳಿದ 57ರಲ್ಲಿ ಮಾಮೂಲಿ ವೈದ್ಯಕೀಯ ಸೌಲಭ್ಯ.

ತಪಾಸಣೆಗೆ ಅರ್ಹರಾಗಿದ್ದವರು 49,311. 2000ದಿಂದ 2003ರವರೆಗೆ ಬಂದವರು 31,343. ಅಂದರೆ ಸುಮಾರು 18 ಸಾವಿರ ಮಂದಿ ಬರಲೇ ಇಲ್ಲ. ಬಂದವರಲ್ಲಿ ಸಂಶಯ ಕಂಡದ್ದು 3,088 ಮಂದಿಗೆ. ಈಗ ಗಮನಿಸಬೇಕಾದ ಅಂಕಿ ಇಲ್ಲಿದೆ. ಆ 3,088ರಲ್ಲಿ ಮುಂದಿನ ಪರೀಕ್ಷೆಯಾದ ಕಾಲ್ಪೊಸ್ಕೊಪಿ ಆದವರು 3,052. ತಪ್ಪಿಹೋದವರು ಬರೀ 36 ಮಂದಿ!

ಇದು ಹೇಗೆ ಸಾಧ್ಯವಾಯಿತು? ಮುಂದಿನ ಪರೀಕ್ಷೆಗೆ ಬೇರೆ ಊರಿಗೆ ಬನ್ನಿ, ಬೇರೆ ದಿನ ಬನ್ನಿ ಅಂತ ಕಳಿಸಲಿಲ್ಲ. ತಪಾಸಣೆ ಮಾಡಿದ ದಾದಿಯರೇ ಮುಂದಿನ ಪರೀಕ್ಷೆಯನ್ನೂ ಮಾಡಿದರು. ಸಣ್ಣ ಪ್ರಮಾಣದ ಕೆಡುಕಿಗೆ ಶೀತ ಚಿಕಿತ್ಸೆಯನ್ನೂ ಅವರೇ ಕೊಟ್ಟರು. ಕೂಲಿ ಬಿಟ್ಟು ಒಂದು ದಿನ ಬಂದವಳಿಗೆ ಇನ್ನೊಂದು ದಿನ ಬರುವುದು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಎಲ್ಲವೂ ಸರಿಹೋಗಲಿಲ್ಲ. ಕ್ಯಾನ್ಸರ್ ಆಗುವ ಮುಂಚಿನ ಹಂತ ಕಂಡ 1,874 ಮಂದಿಯಲ್ಲಿ ಚಿಕಿತ್ಸೆ ಪಡೆದವರು ಶೇ. 72. ಇಷ್ಟೆಲ್ಲ ಕಾಳಜಿ ಇದ್ದ ಕಡೆಯೇ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಜಾರಿಹೋದರು.

ಫಲಿತಾಂಶ 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತಪಾಸಣೆ ನಡೆದ ಹಳ್ಳಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಶೇ. 25ರಷ್ಟು, ಅದರಿಂದಾಗುವ ಸಾವು ಶೇ. 35ರಷ್ಟು ಕಡಿಮೆಯಾಗಿತ್ತು. ಈ ಅಧ್ಯಯನದ ಬಗ್ಗೆ ಟೀಕೆಯೂ ಬಂತು. ಉಳಿದ ಅರ್ಧ ಹಳ್ಳಿಗಳ ಮಹಿಳೆಯರಿಗೆ ತಪಾಸಣೆ ಕೊಡದೆ ಇಟ್ಟದ್ದು ನ್ಯಾಯವೇ ಎಂದು ಕೇಳಿದವರಿದ್ದಾರೆ. ಆ ಪ್ರಶ್ನೆಗೂ ತೂಕ ಇದೆ. ಆದರೆ ಸಾವು ಕಡಿಮೆಯಾಯಿತು ಎಂಬ ಲೆಕ್ಕ ಸಿಕ್ಕಿದ್ದಕ್ಕೆ ಕಾರಣ ಅಂಬಿಲಿಕ್ಕೈಯಲ್ಲಿ ಕ್ಯಾನ್ಸರ್ ನೋಂದಣಿ ಪುಸ್ತಕ ಇತ್ತು. ಯಾರಿಗೆ ಕ್ಯಾನ್ಸರ್ ಬಂತು, ಯಾರು ತೀರಿಕೊಂಡರು ಎಂದು ಊರೂರಿನ ಹೆಸರು ಬರೆದಿಡುವ ವ್ಯವಸ್ಥೆ ಅದು.

ಸ್ತನ ಕ್ಯಾನ್ಸರ್ ವಿಷಯದಲ್ಲೂ ಇದಕ್ಕೆ ಹತ್ತಿರದ ಅನುಭವ ಮುಂಬೈಯಲ್ಲಿದೆ. ಟಾಟಾ ಮೆಮೋರಿಯಲ್‌ನವರು 1998ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಬಂದ ವರದಿಯ ಪ್ರಕಾರ 50 ದಾಟಿದವರಲ್ಲಿ ಸಾವು ಸುಮಾರು ಶೇ. 30 ಕಡಿಮೆಯಾಗಿತ್ತು. 50ಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಅಲ್ಲಿಯೂ ಯಂತ್ರ ಇರಲಿಲ್ಲ. ಮತ್ತೆ ಮತ್ತೆ ಬಂದು ಬಾಗಿಲು ತಟ್ಟುವ ಹೆಂಗಸರು ಇದ್ದರು.

ನಮ್ಮ ಮನೆಗಳಲ್ಲಿ ತಡ ಆಗುವುದು ಎಲ್ಲಿ?

2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆಯಲ್ಲಿ ಇಷ್ಟು ಸಾವು ಅಂದರೆ ತಡವಾಗಿ ಬರುವವರೇ ಜಾಸ್ತಿ ಎಂದರ್ಥ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಆಸ್ಪತ್ರೆಗಳಿಗೆ ಬರ ಇಲ್ಲ. ಮಂಗಳೂರು ಮತ್ತು ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳೇ ಸಾಲಾಗಿವೆ. ಮ್ಯಾಮೊಗ್ರಾಂ ಯಂತ್ರ ಅರ್ಧ ದಿನದ ಪ್ರಯಾಣದೊಳಗೆ ಇದೆ. ಹಾಗಾದರೆ ಇಲ್ಲಿ ತಡ ಆಗುವುದು ಯಂತ್ರ ಇಲ್ಲದ್ದರಿಂದ ಅಲ್ಲ. ಗಂಟು ಕೈಗೆ ಸಿಕ್ಕರೂ ನೋವಿಲ್ಲ ಅಂತ ಸುಮ್ಮನಿರುತ್ತಾರೆ. ಸ್ತನದ ಗಂಟಿಗೆ ಶುರುವಿನಲ್ಲಿ ನೋವು ಇರುವುದೇ ಅಪರೂಪ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗಂಡ ಗಲ್ಫ್‌ನಲ್ಲಿ, ಫೋನಿನಲ್ಲಿ ಹೇಳುವುದಾದರೂ ಹೇಗೆ ಅಂತ ಮುಂದೂಡುತ್ತಾರೆ. ಮಗಳ ಮದುವೆ ಮುಗಿಯಲಿ, ರಮಝಾನ್ ಕಳೆಯಲಿ ಅನ್ನುತ್ತಾರೆ. ಪುರುಷ ಡಾಕ್ಟರ್ ಇದ್ದರೆ ಎಂಬ ಅಳುಕು ಬೇರೆ. ಚಿಕಿತ್ಸೆಯ ಅಗತ್ಯ ಬಂದಾಗ ಧರ್ಮದಲ್ಲಿ ಅವಕಾಶ ಇದೆ ಎಂದು ಉಲಮಾಗಳು ಹೇಳುತ್ತಾ ಬಂದಿದ್ದಾರೆ. ಆ ಮಾತು ಹೆಂಗಸರ ಕಿವಿಗೆ ತಲುಪಿದ್ದು ಕಡಿಮೆ.

ಥರ್ಮಲ್ ಸ್ಕ್ಯಾನ್‌ಗೆ ನಿಜವಾಗಿ ಜಾಗ ಇರುವುದು ಇಲ್ಲಿಯೇ. ಸಂಕೋಚದಿಂದ ಮನೆಯಲ್ಲೇ ಉಳಿಯುವ ಉಮ್ಮನನ್ನು ಅದು ಬಾಗಿಲ ಹೊರಗೆ ಕರೆತರಬಹುದು. ಮೊದಲ ಹೆಜ್ಜೆ ಇಡಿಸಿದರೆ ಅದೂ ಉಪಕಾರವೇ. ಆದರೆ ಅಪಾಯವೂ ಇಲ್ಲಿಯೇ ಇದೆ. 'ಮೆಷಿನ್‌ನಲ್ಲಿ ಏನೂ ಇಲ್ಲ ಅಂತ ಬಂತಲ್ವಾ' ಎಂದುಕೊಂಡು, ಕೈಗೆ ಸಿಗುತ್ತಿರುವ ಗಂಟನ್ನು ಮತ್ತೆ ಆರು ತಿಂಗಳು ಮರೆತರೆ, ಆ ಚೀಟಿ ಉಪಕಾರ ಮಾಡಲಿಲ್ಲ, ಅನ್ಯಾಯ ಮಾಡಿತು.

ಆದ್ದರಿಂದ ಒಂದು ವಿಷಯವನ್ನು ಶಿಬಿರದಲ್ಲಿ ಮೈಕಿನಲ್ಲೇ ಹೇಳಬೇಕು. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಒಳಗೆ ಎಳೆದುಕೊಂಡಂತೆ ಇರುವುದು, ಕಿತ್ತಳೆ ಸಿಪ್ಪೆಯಂತೆ ಆಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು: ಇವುಗಳಲ್ಲಿ ಒಂದು ಇದ್ದರೂ ಥರ್ಮಲ್ ಸಾಲಿನಲ್ಲಿ ನಿಲ್ಲಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಶಿಬಿರಕ್ಕೆ ಒಪ್ಪುವ ಮುಂಚೆ ಕೇಳಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರ್‌ಗೆ ಮೂರು ಗುರಿ ಇಟ್ಟಿದೆ. ಶೇ. 60ಕ್ಕಿಂತ ಹೆಚ್ಚು ಪ್ರಕರಣಗಳು ಮೊದಲ ಎರಡು ಹಂತದಲ್ಲೇ ಪತ್ತೆಯಾಗಬೇಕು. ರೋಗಿ ಮೊದಲು ಬಂದ ದಿನದಿಂದ 60 ದಿನದೊಳಗೆ ರೋಗ ಏನೆಂದು ಖಚಿತವಾಗಬೇಕು. ಶೇ. 80 ಮಂದಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ಮೂರರಲ್ಲಿ ಎರಡು ಗುರಿಗಳು ಮೊದಲ ಪರೀಕ್ಷೆಯ ನಂತರದ ದಾರಿಯ ಬಗ್ಗೆಯೇ ಇವೆ. ಮಾಲು ಲಾರಿಗೆ ಹತ್ತಿಸಿದರೆ ವ್ಯಾಪಾರ ಮುಗಿಯಲಿಲ್ಲ, ಅಂಗಡಿ ಮುಟ್ಟಿತು ಎಂಬ ರಸೀದಿ ಬರಬೇಕು.

ಹೀಗಾಗಿ ಜಮಾಅತ್ ಕಮಿಟಿ, ಯುವ ಸಂಘಟನೆ ಯಾವುದೇ ಇರಲಿ, ಒಪ್ಪುವ ಮುಂಚೆ ಈ ಪ್ರಶ್ನೆಗಳನ್ನು ಕೇಳಲಿ:

ಒಂದು, ಸಂಶಯ ಬಂದವರಿಗೆ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಮಾಡುವ ಆಸ್ಪತ್ರೆ ಯಾವುದು? ಅದೇ ವಾರದಲ್ಲಿ ದಿನಾಂಕ ಗೊತ್ತುಮಾಡಿ ಆಗಿದೆಯಾ?

ಎರಡು, ಶಿಬಿರದಲ್ಲಿ ಕೈಯಿಂದ ಪರೀಕ್ಷೆ ಮಾಡುವ ಮಹಿಳಾ ಡಾಕ್ಟರ್ ಅಥವಾ ತರಬೇತಿ ಪಡೆದ ದಾದಿ ಇದ್ದಾರಾ? ಕ್ಯಾಮರಾ ಮಾತ್ರ ಬರುವುದಾದರೆ ಶಿಬಿರ ಅರ್ಧ.

ಮೂರು, ಖರ್ಚು ಯಾರದು? ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಯಾರ ಕಾರ್ಡ್ ಯಾವುದು ಎಂದು ಮೊದಲೇ ನೋಡಿಟ್ಟರೆ ಉಳಿದ ಹಣಕ್ಕೆ ಝಕಾತ್ ಫಂಡ್, ದಾನಿಗಳು ಅಂತ ದಾರಿ ಹುಡುಕಬಹುದು.

ನಾಲ್ಕು, ಹೆಸರು ಬರೆದಿಡುವವರು ಯಾರು? ಪ್ರತಿ ಮೊಹಲ್ಲಾದಲ್ಲಿ ನಂಬಿಕೆಯ ಇಬ್ಬರು ಹೆಂಗಸರು, ಒಂದು ನೋಟ್‌ಬುಕ್ ಇದ್ದರೆ ಸಾಕು. ಸಂಶಯ ಬಂದದ್ದು ಯಾವ ದಿನ, ಆಸ್ಪತ್ರೆಗೆ ಹೋದದ್ದು ಯಾವಾಗ, ಬಯಾಪ್ಸಿ ಆಯ್ತಾ, ಚಿಕಿತ್ಸೆ ಶುರುವಾಯ್ತಾ, ಮುಗಿಯಿತಾ. ಈ ಪುಸ್ತಕ ಗುಟ್ಟಾಗಿ ಇರಬೇಕು. ಗ್ರೂಪಿನಲ್ಲಿ ಫೋಟೊ, ಹೆಸರು ಹಾಕುವುದು ಕೂಡದು. ಒಮ್ಮೆ ಗುಟ್ಟು ರಟ್ಟಾದರೆ ಮುಂದಿನ ಶಿಬಿರಕ್ಕೆ ಯಾರೂ ಬರುವುದಿಲ್ಲ.

ಐದು, ಶಿಬಿರ ಇಲ್ಲದ ದಿನ ಏನು? 30 ದಾಟಿದ ಮಹಿಳೆಯರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುಂಪಾಗಿ ಹೋಗಿ ಕೇಳಿದರೆ ಅದು ಅಲ್ಲಿಯೂ ಸಿಗಬೇಕು. ಆಶಾ ಕಾರ್ಯಕರ್ತೆಯನ್ನು ಶಿಬಿರಕ್ಕೆ ಕರೆಯುವುದರಿಂದ ಈ ಕೊಂಡಿ ಶುರುವಾಗುತ್ತದೆ.

ತಂತ್ರಜ್ಞಾನ ಇನ್ನೂ ಉತ್ತಮವಾಗಬಹುದು, ಆಗಲಿ. ಬೆಂಗಳೂರು, ತ್ರಿಶೂರ್‌ನ ವಿಜ್ಞಾನಿಗಳ ಶ್ರಮಕ್ಕೆ ಬೆಲೆ ಇದೆ. ಆದರೆ ಮುಂದಿನ ಅಕ್ಟೋಬರ್‌ನಲ್ಲಿ ಶಿಬಿರದ ವರದಿ ಬರೆಯುವವರು 'ಇಷ್ಟು ನೂರು ಮಂದಿ ಪಾಲ್ಗೊಂಡರು' ಎಂದು ನಿಲ್ಲಿಸದಿರಲಿ. ಸಂಶಯ ಬಂದವರು ಎಷ್ಟು, ಅವರಲ್ಲಿ ಮುಂದಿನ ಪರೀಕ್ಷೆ ಆದವರು ಎಷ್ಟು, ತಪ್ಪಿಹೋದವರು ಎಷ್ಟು ಎಂಬುದನ್ನೂ ಬರೆಯಲಿ. ಅಂಬಿಲಿಕ್ಕೈಯ ದಾದಿಯರ ಪುಸ್ತಕದಲ್ಲಿ ಆ ಕೊನೆಯ ಸಂಖ್ಯೆ 36 ಇತ್ತು. ನಮ್ಮ ಪುಸ್ತಕದಲ್ಲಿ ಎಷ್ಟು ಎಂದು ಹೇಳಲು ಮೊದಲು ಪುಸ್ತಕ ಇರಬೇಕು.